‘ಖಿನ್ನತೆ ಇದೆಯಾ?’ ಅಂದ್ರೆ ಎಲ್ಲರೂ ‘ಇಲ್ರೀ’ ಅಂತಾರೆ

ಪ್ರಶ್ನೆ: ನಾನು ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಎಚ್‌ಐವಿ ಇರುವವರ ಮನಸ್ಸಿನ ಸ್ಥಿತಿ ತಿಳಿಯಲು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಫಾರ್ಮಿನ 9 ಪ್ರಶ್ನೆಗಳನ್ನು ನಾವೇ ಕನ್ನಡಕ್ಕೆ ತಂದುಕೊಂಡಿದ್ದೇವೆ. ಖಿನ್ನತೆಯ ಪ್ರಶ್ನೆಗೆ ಎಲ್ಲರೂ ‘ಇಲ್ರೀ’ ಅಂತಾರೆ. ಸುಸ್ತು, ನಿದ್ದೆ, ಊಟ ಕೇಳಿದರೆ ಅಂಕ ಜಾಸ್ತಿ ಬರುತ್ತದೆ. ಅನುವಾದ ತಪ್ಪಾಗಿದೆಯಾ? ಬೇರೆ ಫಾರ್ಮ್ ಮಾಡಿಕೊಳ್ಳಬಹುದಾ?
– ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಅನುವಾದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದು ಬಿಟ್ಟುಹೋಗಿದೆ. ನಿಮ್ಮಲ್ಲಿಗೆ ಬರುವವರು ತಮ್ಮ ಸಂಕಟಕ್ಕೆ ಏನಂತ ಕರೀತಾರೆ ಅಂತ ಯಾರೂ ಕೇಳಿಲ್ಲ. ‘ಖಿನ್ನತೆ’ ಪೇಪರಿನ ಪದ. ಮಾತ್ರೆಗೆ ಸಾಲಲ್ಲಿ ನಿಂತ ಹೆಂಗಸು ‘ಜೀವಾ ಬ್ಯಾಸರಾಗೇತ್ರಿ’ ಅಂತಾಳೆ, ‘ತಲ್ಯಾಗ ಬರೇ ವಿಚಾರ’ ಅಂತಾಳೆ. ಖಿನ್ನತೆ ಅಂದರೆ ಹೊಸದೊಂದು ಕಾಯಿಲೆ ಅಂದುಕೊಳ್ಳುತ್ತಾಳೆ. ಇರೋದೇ ಸಾಕಾಗಿರುವಾಗ ಇನ್ನೊಂದನ್ನು ಯಾರು ಒಪ್ಪಿಕೊಳ್ಳುತ್ತಾರೆ?

ಉಗಾಂಡದಲ್ಲಿ ಈ ಕೆಲಸ ಚೆನ್ನಾಗಿ ಆಯಿತು. ಅಲ್ಲಿನ ರಾಕಾಯ್, ಮಸಾಕಾ ಜಿಲ್ಲೆಗಳು ಎಚ್‌ಐವಿಯಿಂದ ತೀರಾ ನಲುಗಿದ್ದವು. ಸಂಶೋಧಕ ಪಾಲ್ ಬೋಲ್ಟನ್ ಮತ್ತು ಜೊತೆಗಾರರು ಮೊದಲೇ ಫಾರ್ಮ್ ಹಿಡಿದು ಕೂರಲಿಲ್ಲ. ಈ ರೋಗದಿಂದ ನಿಮಗೆ ಏನೇನು ತೊಂದರೆ ಆಗಿದೆ ಅಂತ ಕೇಳಿದರು. ಜನರ ಬಾಯಲ್ಲಿ ಬಂದಿದ್ದು ಎರಡು ಪದ. ‘ಯೊಕ್ವೆಕ್ಯಾವ’ ಅಂದರೆ ತನ್ನನ್ನು ಕಂಡರೆ ತನಗೇ ಹೇಸಿಗೆ. ‘ಒಕ್ವೆಕುಬಜಿಡ’ ಅಂದರೆ ತನ್ನ ಪಾಡಿಗೆ ತಾನೇ ಮರುಗುವುದು. ನಾವು ಖಿನ್ನತೆ ಅನ್ನುವುದು ಹೆಚ್ಚುಕಡಿಮೆ ಇವೆರಡರೊಳಗೆ ಸಿಕ್ಕಿತು. ಆಮೇಲಷ್ಟೇ ಹಾಪ್ಕಿನ್ಸ್ ಎಂಬ ಹಳೆಯ ಪ್ರಶ್ನಾವಳಿಯನ್ನು ಅಲ್ಲಿಗೆ ಹೊಂದಿಸಿಕೊಂಡರು. ದಿನದ ಕೆಲಸ ಮಾಡಲು ಆಗುತ್ತಿದೆಯಾ ಅಂತಲೂ ಅಳೆದರು. ಯಾವ ಕೆಲಸ ಅನ್ನುವುದನ್ನು ಊರಿನ ಹೆಂಗಸರು, ಗಂಡಸರೇ ಹೇಳಿದ್ದರು.

ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸ’ ಅಂತ ಒಂದು ಪದವಿದೆ. ವಿಪರೀತ ಯೋಚನೆ ಮಾಡುವುದು ಅಂತ ಅರ್ಥ. ನಿಮ್ಮ ‘ತಲ್ಯಾಗ ಬರೇ ವಿಚಾರ’ಕ್ಕೆ ಅಕ್ಕನೋ ತಂಗಿಯೋ ಇರಬೇಕು! ಅಲ್ಲಿ ಶೋನಾದಲ್ಲೇ ಹುಟ್ಟಿದ 14 ಪ್ರಶ್ನೆಗಳಿವೆ, ಕಳೆದ ವಾರದ ಬಗ್ಗೆ ಹೌದು-ಇಲ್ಲ ಅಂದರೆ ಸಾಕು. ರಾಜಧಾನಿ ಹರಾರೆಯಲ್ಲಿ 2006ರಲ್ಲಿ ‘ಫ್ರೆಂಡ್‌ಶಿಪ್ ಬೆಂಚ್’ ಶುರುವಾಯಿತು. ಅಲ್ಲಿ ಬೆಂಚಿನ ಮೇಲೆ ಕೂತು ಜನರ ಸಂಕಟ ಕೇಳುವ, ತರಬೇತಿ ಪಡೆದ ಅಜ್ಜಿಯರು ಇದನ್ನು ಬಳಸುತ್ತಾರೆ. ಬೆಂಚಿಗೆ ಬರುವವರಲ್ಲಿ ಎಚ್‌ಐವಿ ಇರುವವರೂ ಬಹಳ.

ಇನ್ನು ನಿಮ್ಮ ಸುಸ್ತಿನ ಅಂಕ. ಎಚ್‌ಐವಿಯಿಂದ, ರಕ್ತಹೀನತೆಯಿಂದ, ಟಿಬಿಯಿಂದಲೂ ಸುಸ್ತಾಗುತ್ತದೆ, ಊಟ ಸೇರುವುದಿಲ್ಲ. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಮಾತ್ರೆ ನಿದ್ದೆ ಕೆಡಿಸಬಹುದು, ವಿಚಿತ್ರ ಕನಸು ತರಬಹುದು. ಹಾಗಂತ ಆ ಪ್ರಶ್ನೆಗಳನ್ನು ಕಿತ್ತು ಹಾಕಬೇಡಿ. ಯಾವಾಗಿಂದ, ಮಾತ್ರೆ ಬದಲಾದ ಮೇಲಾ ಅಂತ ಕೇಳಿ ಡಾಕ್ಟರಿಗೆ ತಿಳಿಸಿ. ಮನಸ್ಸಿನ ಪ್ರಶ್ನೆಗಳ ಅಂಕವನ್ನು ಬೇರೆಯಾಗಿಯೂ ನೋಡಿ.

8ನೇ ಪ್ರಶ್ನೆ ನನಗೂ ತಲೆನೋವು. ತುಂಬಾ ನಿಧಾನವಾಗಿದ್ದೀರಾ, ಇಲ್ಲವೇ ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆಯಾ? ಒಂದೇ ಉಸಿರಲ್ಲಿ ಎರಡು ಉಲ್ಟಾ ಪ್ರಶ್ನೆ! ಬಿಡಿಸಿ ಕೇಳಿ, ಉತ್ತರ ಒಂದೇ ಬರೆಯಿರಿ. ಕಳೆದ ಎರಡು ವಾರದಲ್ಲಿ ‘ಅರ್ಧಕ್ಕಿಂತ ಹೆಚ್ಚು ದಿನ’ ಹೀಗಾಯಿತಾ ಅನ್ನುವ ಫಾರ್ಮಿನ ಲೆಕ್ಕವೂ ಸುಲಭವಲ್ಲ. ನಾನು 14 ಹುಣಸೆ ಬೀಜ ಕೊಟ್ಟು, ‘ಎರಡು ಸಂತಿ ಹಿಂದಿನಿಂದ ಎಷ್ಟು ದಿನ ಹಿಂಗಾತು, ಅಷ್ಟು ಈ ಕಡೆ ಇಡ್ರಿ’ ಅಂತೀನಿ. ಬೇಗ ಮುಗಿಯುತ್ತದೆ.

ಹೊಸ ಫಾರ್ಮ್ ಮಾಡಬಹುದು, ಒಬ್ಬರೇ ಬೇಡ. ನಿಮ್ಮ ಕನ್ನಡವನ್ನು ಮೂಲ ನೋಡದವರೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಹತ್ತಾರು ಜನರಿಗೆ ಓದಿ ಹೇಳಿ, ‘ನಿಮಗೇನು ತಿಳೀತು?’ ಅಂತ ಕೇಳಿ. ಕೊನೆಗೆ ಮನೋವೈದ್ಯರು ಅದೇ ಜನರನ್ನು ಅಂಕ ನೋಡದೆ ಪರೀಕ್ಷಿಸಿ ತಾಳೆ ಹಾಕಬೇಕು. 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಖಿನ್ನತೆ ಇರಬಹುದು ಅನ್ನುವ ಗೆರೆ ಮೂಲ ಫಾರ್ಮಿನದು. ಪ್ರಶ್ನೆ ಬದಲಾಯಿಸಿ ಆ ಗೆರೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ.

ಸಾಯುವ ಯೋಚನೆ ಕೇಳುವ 9ನೇ ಪ್ರಶ್ನೆಗೆ ಒಂದು ಅಂಕ ಬಂದರೂ ಒಟ್ಟು ಲೆಕ್ಕ ಕಾಯಬೇಡಿ. ಅಲ್ಲೇ ಕೂತು ಮಾತಾಡಿ, ಅಂದೇ ಡಾಕ್ಟರಿಗೆ ತೋರಿಸಿ. ಮನೆಗೆ ಹೋದ ಮೇಲೆ ಬೇಕಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಫಾರ್ಮ್ ತುಂಬುವಾಗ ಜೊತೆಗೆ ಬಂದವರು ಹೊರಗೆ ಕೂತಿರಲಿ. ಅತ್ತೆ ಪಕ್ಕದಲ್ಲಿದ್ದರೆ ಒಂಬತ್ತಕ್ಕೆ ಒಂಬತ್ತೂ ‘ಇಲ್ರೀ’.