ರಾಯಚೂರು ಜಿಲ್ಲೆಯ ಹೈಸ್ಕೂಲಿಗೆ ಗಣಿತ ಶಿಕ್ಷಕನಾಗಿ ಹೊಸದಾಗಿ ಬಂದಿದ್ದೇನೆ. ಮಕ್ಕಳಿಗೆ ಏನೂ ಬರಲ್ಲ. ಇನ್ನೊಂದು ತರಬೇತಿ ತಗೊಳ್ಳಲಾ, ಎಂ.ಎಸ್ಸಿ. ಕಟ್ಟಲಾ, ವರ್ಗಾವಣೆ ಕೇಳಲಾ?

ಸದ್ಯಕ್ಕೆ ಮೂರೂ ಬೇಡ. "ಮಕ್ಕಳಿಗೆ ಏನೂ ಬರಲ್ಲ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ನಾಚಿಕೆ ಆಯಿತು. ನಾನೂ ಒಂದು ವರ್ಷ ಇದನ್ನೇ ಹೇಳಿಕೊಂಡು ತಿರುಗಿದವನು.

ನಾನು ಕೂಡ್ಲಿಗಿ ಕಡೆಯವನು. 2012ರಲ್ಲಿ ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕನಾಗಿ ಹೋದೆ. ಮೂರು ತರಗತಿಗೂ ಗಣಿತ ನನ್ನದೇ. ವಿಜ್ಞಾನಕ್ಕೆ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದ ಮೇಡಂ ಒಬ್ಬರಿದ್ದರು, ಅದೇ ಊರಲ್ಲಿ ಹದಿನೆಂಟು ವರ್ಷ ಪಾಠ ಮಾಡಿದವರು. ಆಗಸ್ಟ್‌ನಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ಕೇಳಿದರು: "ಸರ್, ನಾಳಿ ನಿಮ್ಮ ಪೀರಿಯಡ್‌ನಾಗ ಹಿಂದ ಕೂಡ್ಲೇನ್ರಿ?"

"ಮುಂದಿನ ವಾರ ನೋಡೋಣ ಮೇಡಂ" ಅಂದೆ.

ನನ್ನ ತಪ್ಪು ಅದೇ, ಆ ಒಂದು ಮಾತು. ಯಾಕೆ ಹಾಗಂದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನಾವು ಬಿ.ಎಡ್. ಮಾಡುವಾಗ ಅದು ಒಂದೇ ವರ್ಷದ್ದು (ಎರಡು ವರ್ಷ ಆಗಿದ್ದು 2015ರಿಂದ). ಪಾಠ ಅಭ್ಯಾಸಕ್ಕೆ ಹೋದಾಗ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತು ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದರು. ಹಾಗಾಗಿ ಹಿಂದೆ ಕೂರುವವರು ಅಂದರೆ ಮಾರ್ಕ್ಸ್ ಕಳೆಯುವವರು ಅಂತಲೇ ತಲೆಯಲ್ಲಿ ಕೂತಿತ್ತು. ಮೇಲಾಗಿ ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಇವರು ಹೋಗಿ ಎಚ್ಚೆಮ್ಮಿಗೆ (ಹೆಡ್‌ಮಾಸ್ಟರಿಗೆ) ಹೇಳಿದರೆ? ಇನ್ನೊಂದು ಕಾರಣ ಹೇಳಿಕೊಳ್ಳೋಕೆ ಸಂಕೋಚ: ಜೀವಶಾಸ್ತ್ರದವರು ನನಗೆ ಗಣಿತ ಏನು ಹೇಳಿಕೊಡೋದು ಅನ್ನೋ ಜಂಬ. ಅವರು ದಸರೆ ರಜೆ ಮುಗಿದ ಮೇಲೆ ಕೇಳಿದರು, ಡಿಸೆಂಬರಿನಲ್ಲೂ ಕೇಳಿದರು. ಆಮೇಲೆ ಕೇಳೋದು ಬಿಟ್ಟರು.

ಅಷ್ಟರಲ್ಲಿ ನನ್ನ ಹತ್ತಿರ ಕಾರಣಗಳ ಪಟ್ಟಿಯೇ ಇತ್ತು. ಹತ್ತಿ ಬಿಡಿಸುವ ಕಾಲ ಬಂದರೆ ಅರ್ಧ ತರಗತಿ ಹೊಲದಲ್ಲಿ. ತಾಂಡಾದ ಎಷ್ಟೋ ಮನೆಯವರು ಗುಳೆ ಹೋಗುತ್ತಾರೆ. ಪ್ರೈಮರಿಯಲ್ಲಿ ಮಗ್ಗಿ ಕಲಿಸಿಲ್ಲ. ಎಲ್ಲಾ ನಿಜ. ಆದರೆ ಫೆಬ್ರವರಿಯಲ್ಲಿ ಹತ್ತನೇ ತರಗತಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ 41 ಮಕ್ಕಳಲ್ಲಿ 14 ಮಂದಿ ಮಾತ್ರ ಗಣಿತದಲ್ಲಿ ಪಾಸಾದಾಗ ಹೆದರಿಕೆ ಶುರುವಾಯಿತು. ನಾನೇ ಹೋಗಿ ಮೇಡಂ ಅವರನ್ನು ಕರೆದೆ.

ಅವರು ನನ್ನ ಕಡೆ ನೋಡಲೇ ಇಲ್ಲ! ನಲವತ್ತು ನಿಮಿಷವೂ ಹಿಂದಿನ ಬೆಂಚಿನ ಮೂವರ ನೋಟ್‌ಬುಕ್ ನೋಡುತ್ತಾ ಕೂತಿದ್ದರು. ಬೆಲ್ ಹೊಡೆದ ಮೇಲೆ ಒಂದು ಪುಟ ತೋರಿಸಿದರು. 3x = 12, ಆದ್ದರಿಂದ x = 12 − 3 = 9. ಮೂವರದ್ದೂ ಹಾಗೇ. ಹುಡುಗನನ್ನು ಕೇಳಿದರೆ, "ಮೂರು ಆ ಕಡಿ ಹೋತಲ್ರೀ ಸರ, ಮೈನಸ್ ಆತು."

ಅದು ನನ್ನದೇ ಮಾತು. ಸಮೀಕರಣ ಕಲಿಸುವಾಗ ನಾನೊಂದು ಜೋಕ್ ಹೊಡೆಯುತ್ತಿದ್ದೆ: "ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ, ರಾಜಕಾರಣಿಗಳ ಹಾಗೆ." ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಜೋಕ್ ಚೆನ್ನಾಗಿ ನೆನಪಿಟ್ಟುಕೊಂಡರು. ಕೂಡಿದ್ದನ್ನು ಕಳೆಯಬೇಕು, ಗುಣಿಸಿದ್ದನ್ನು ಭಾಗಿಸಬೇಕು, ಎರಡೂ ಕಡೆ ಒಂದೇ ಕೆಲಸ ಮಾಡಬೇಕು ಅನ್ನೋದು ಜೋಕಿನಲ್ಲಿ ಇರಲಿಲ್ಲವಲ್ಲ! ಬೋರ್ಡಿನ ಮೇಲೆ ನಾನು ಸರಿಯಾಗಿಯೇ ಬಿಡಿಸುತ್ತಿದ್ದೆ, ಅವರು ನೋಡಿ ಬರೆದುಕೊಳ್ಳುತ್ತಿದ್ದರು. ತಾವಾಗಿ ಮಾಡಿದಾಗ 9 ಬರುತ್ತಿತ್ತು. ಜೂನ್‌ನಿಂದ ಹೀಗೇ ನಡೆದಿತ್ತು, ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ.

"ನಾ ಗಣಿತದಾಕಿ ಅಲ್ಲಲ್ರೀ, ಅದಕ್ಕ ನನಗ ಕಾಣ್ತು" ಅಂದರು ಮೇಡಂ. ಮರುದಿನ ಅವರು ಹೇಳಿದ ಹಾಗೆ ಕೇಳಿದೆ: ಮೂವರು ಅಣ್ಣತಮ್ಮಂದಿರು 12 ಗುಂಟೆ ಸಮ ಹಂಚಿಕೊಂಡರೆ ಒಬ್ಬನಿಗೆ ಎಷ್ಟು? ಒಬ್ಬರೂ 9 ಅನ್ನಲಿಲ್ಲ. ಎಕರೆಗೆ 40 ಗುಂಟೆ ಅಂತ ಗೊತ್ತಿರುವ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಬಾಯಲ್ಲೇ ಲೆಕ್ಕ ಹಾಕುವ ಮಕ್ಕಳು ಅವರು. ಏನೂ ಬರಲ್ಲ ಅಂತಿದ್ದೆ ನಾನು!

ಜಪಾನಿನಲ್ಲಿ ಶಿಕ್ಷಕರು ಕೂಡಿ ಒಂದು ಪಾಠ ತಯಾರಿಸಿ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸುವ ಪದ್ಧತಿ ಇದೆ. ಜುಗ್ಯೋ ಕೆಂಕ್ಯು ಅನ್ನುತ್ತಾರೆ. ನಮ್ಮ ಮೇಡಂ ಆ ಹೆಸರು ಕೇಳಿದವರಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ತರಬೇತಿಗೆ ಕರೆದರೆ ಹೋಗಿ ಬನ್ನಿ, ಊಟ ಚೆನ್ನಾಗಿರುತ್ತದೆ. ನಾನೂ ಐದು ದಿನ ಹೋಗಿದ್ದೆ, ಅಲ್ಲಿ ಯಾರಿಗೂ ನನ್ನ ಮಕ್ಕಳ ನೋಟ್‌ಬುಕ್ ಕಾಣುವಂತಿರಲಿಲ್ಲ. ಎಂ.ಎಸ್ಸಿ. ನಿಮಗೆ ಇಷ್ಟವಿದ್ದರೆ ಓದಿ, 3x = 12ಕ್ಕೆ ಅದು ಬೇಕಿಲ್ಲ. ಈ ವಾರವೇ ಯಾರಾದರೊಬ್ಬರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿಕೊಳ್ಳಿ. ಹಿಂದಿ ಮೇಷ್ಟ್ರಾದರೂ ಸರಿ, ಗಣಿತ ಬಾರದವರಾದರೆ ಇನ್ನೂ ಒಳ್ಳೇದು. "ನನ್ನನ್ನು ನೋಡಬೇಡಿ, ಮೂರು ನೋಟ್‌ಬುಕ್ ನೋಡಿ" ಅಂತ ಮೊದಲೇ ಹೇಳಿಬಿಡಿ. ಎಚ್ಚೆಮ್ಮಿಗೆ ಕೇಳಿ ಟೈಮ್‌ಟೇಬಲ್‌ನಲ್ಲಿ ಅವರಿಗೆ ಆ ಪೀರಿಯಡ್ ಖಾಲಿ ಇಡಿಸಿ, ಇಲ್ಲದಿದ್ದರೆ ಇದು ಎರಡು ದಿನಕ್ಕೆ ನಿಂತುಹೋಗುತ್ತದೆ.

ವರ್ಗಾವಣೆ ಅರ್ಜಿ ನಾನೂ ಆ ವರ್ಷ ಬರೆದಿಟ್ಟಿದ್ದೆ. ಸಿಕ್ಕಿದ್ದರೆ ಹೊಸ ಊರಲ್ಲೂ ಅದೇ ಪಕ್ಷಾಂತರದ ಜೋಕ್ ಹೊಡೆಯುತ್ತಿದ್ದೆ.