ಚರಟ ಸುರಿದ ಮಾತ್ರಕ್ಕೆ ಎಣ್ಣೆ ಮಣ್ಣು ಶುದ್ಧವಾಗದು

ಪ್ರಶ್ನೆ: ಪೀಣ್ಯದಲ್ಲಿರುವ ನಮ್ಮ ಶೆಡ್ಡಿನ ಹಿಂದೆ ಜನರೇಟರಿನ ಡೀಸೆಲ್ ಸೋರಿ ಮಣ್ಣು ಕಪ್ಪಾಗಿದೆ. ಬಿಯರ್ ಕಾರ್ಖಾನೆಯ ಬಾರ್ಲಿ ಚರಟವನ್ನೋ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ಡನ್ನೋ ಬೆರೆಸಿದರೆ ಸರಿಹೋಗುವುದೇ?

ಉತ್ತರ: ಮಳೆಗಾಲ ಹತ್ತಿರವಾದಂತೆ ಈ ಪ್ರಶ್ನೆ ಬಂದೇ ಬರುತ್ತದೆ. ಸೋರಿಕೆಯನ್ನು ನಿಲ್ಲಿಸಿದ್ದೀರೆಂದೇ ಭಾವಿಸಿ ಉತ್ತರಿಸುತ್ತೇನೆ. ಡೀಸೆಲ್ಲನ್ನು ತಿನ್ನುವುದು ಚರಟವಲ್ಲ, ಮಣ್ಣಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾ. ಅವಕ್ಕೆ ಇಂಗಾಲ ಎಣ್ಣೆಯಲ್ಲೇ ಧಾರಾಳವಾಗಿ ಸಿಗುತ್ತದೆ. ಕೊರತೆಯಾಗುವುದು ಸಾರಜನಕ, ರಂಜಕ ಮತ್ತು ಗಾಳಿ. ಒಂದು ಟನ್ ಮಣ್ಣಿನಲ್ಲಿ ಶೇ 2ರಷ್ಟು ಎಣ್ಣೆಯಿದ್ದರೆ ಅದು 20 ಕೆ.ಜಿ., ಅದರಲ್ಲಿ ಇಂಗಾಲವೇ ಸುಮಾರು 17 ಕೆ.ಜಿ.; ಇಂಗಾಲ, ಸಾರಜನಕ, ರಂಜಕಗಳಿಗೆ ರೂಢಿಯಲ್ಲಿರುವ 100:10:1ರ ಲೆಕ್ಕದಂತೆ 1.7 ಕೆ.ಜಿ. ಸಾರಜನಕ ಬೇಕಾಗುತ್ತದೆ. ಹಸಿ ಚರಟದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಉಳಿದುದರಲ್ಲಿರುವ ಸಾರಜನಕದ ಹೆಚ್ಚಿನ ಭಾಗವೂ ಅದು ಕೊಳೆಯುವುದಕ್ಕೇ ವ್ಯಯವಾಗುತ್ತದೆ. ಮೇಲಾಗಿ ಹಸಿ ಚರಟ ಮಣ್ಣಿನ ಆಮ್ಲಜನಕವನ್ನು ಕಬಳಿಸಿ ಹುಳಿವಾಸನೆ ಹೊಡೆಯತೊಡಗಿದರೆ, ಎಣ್ಣೆ ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದ ಚರಟವಾಗಲಿ ಪ್ರೆಸ್‌ಮಡ್ ಆಗಲಿ, ಮೊದಲು ಸಗಣಿಯೊಡನೆ ಚೆನ್ನಾಗಿ ಕಳಿತು ಗೊಬ್ಬರವಾಗಬೇಕು, ಆಮೇಲೆ ಬೆರೆಸಿ.

ಬ್ಯಾಕ್ಟೀರಿಯಾ ಒಂದು ಕೆ.ಜಿ. ಎಣ್ಣೆಯನ್ನು ಪೂರ್ತಿ ತಿಂದು ಕರಗಿಸಲು ಸುಮಾರು ಮೂರು ಕೆ.ಜಿ. ಆಮ್ಲಜನಕ ಬೇಕು. ಹಾಗಾಗಿ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಮೊಣಕಾಲೆತ್ತರಕ್ಕೆ ಮೀರದಂತೆ ರಾಶಿ ಹಾಕಿ, ವಾರಕ್ಕೊಮ್ಮೆ ಮಗುಚಿ. ಹಿಡಿ ಮಣ್ಣನ್ನು ಹಿಂಡಿದರೆ ಉಂಡೆಯಾಗಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಮಳೆಗೆ ಟಾರ್ಪಾಲು ಹೊದಿಸದಿದ್ದರೆ ಎಣ್ಣೆ ರಾಜಕಾಲುವೆ ಸೇರುತ್ತದೆ.

ವಾಸನೆ ಹೋಯಿತೆಂದು ಶುದ್ಧವಾಯಿತೆನ್ನಬೇಡಿ. ಹಾರಿಹೋದದ್ದು ಡೀಸೆಲ್ಲಿನ ಹಗುರ ಅಂಶ ಮಾತ್ರ. ಮಣ್ಣಿನಲ್ಲಿ ಶೇಕಡಾ ಎಷ್ಟು ಎಣ್ಣೆಯಿದೆಯೆಂದು ಪ್ರಯೋಗಾಲಯ ಕೊಡುವ ಅಂಕಿಯೂ ಮೋಸ ಮಾಡಬಲ್ಲದು: ಮಣ್ಣಿಗೆ ಅಷ್ಟೇ ತೂಕದ ಗೊಬ್ಬರ ಬೆರೆಸಿದರೆ, ಒಂದು ಹನಿ ಎಣ್ಣೆಯೂ ಕರಗದೆಯೇ ಅಂಕಿ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಬೆರೆಸಿದ ದಿನವೇ ಮೊದಲ ಮಾದರಿ ತೆಗೆಯಬೇಕು. ಗೊಬ್ಬರ ಬೆರೆಸದ ಅದೇ ಮಣ್ಣಿನ ಒಂದು ಬಕೆಟ್ಟನ್ನು ಪಕ್ಕದಲ್ಲಿಟ್ಟು, ಅದನ್ನೂ ಮಗುಚಿ ನೀರುಣಿಸಿ ಹೋಲಿಸದೆ ನಾನು ಯಾವ ಫಲಿತಾಂಶವನ್ನೂ ಒಪ್ಪುವುದಿಲ್ಲ. ಅಕ್ಕಪಕ್ಕ ಲೋಹಲೇಪನದ ಘಟಕಗಳಿದ್ದರೆ ಕ್ರೋಮಿಯಂ, ನಿಕ್ಕಲ್‌ಗಳನ್ನು ಮೊದಲೇ ಪರೀಕ್ಷಿಸಿ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸದು.

ಪ್ರಶ್ನೆ: ಏಳೇ ದಿನದಲ್ಲಿ ಎಣ್ಣೆ ಕರಗಿಸುತ್ತದೆಂದು ಮಾರುವ ಬಾಟಲಿ ದ್ರಾವಣವನ್ನು ಕೊಳ್ಳಬಹುದೇ?

ಉತ್ತರ: ಬೇಡ. ದೆಹಲಿಯ ಟೆರಿ ಸಂಶೋಧನಾ ಸಂಸ್ಥೆ ರೂಪಿಸಿದ, ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ಮಿಶ್ರಣವಾದ ಆಯಿಲ್‌ಜಾಪರ್‌ಗೂ ತಿಂಗಳುಗಳು ಹಿಡಿಯುತ್ತವೆ. ಏಳು ದಿನವೆನ್ನುವವರು ನಿಮ್ಮ ಹಣಕ್ಕಷ್ಟೇ ಬಂದವರು.

ಪ್ರಶ್ನೆ: ಆ ಜಾಗದಲ್ಲಿ ಸೊಪ್ಪು ಬೆಳೆಯಬಹುದೇ?

ಉತ್ತರ: ಖಂಡಿತ ಬೇಡ.