ಮಾಜಿ ಸೈನಿಕರ ಮಗಳು ಬಿ.ಇ. ಸೇರಿದ್ದಾಳೆ, ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಪಡೆಯುವುದು ಹೇಗೆ?

ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ವರ್ಷದ ಹಣ ಒಟ್ಟಿಗೆ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಖಾಸಗಿ ಕಾಲೇಜಿನ ಶುಲ್ಕಕ್ಕೆ ಇದೊಂದೇ ಸಾಲದು, ಆ ಲೆಕ್ಕ ಮೊದಲೇ ಇರಲಿ.

ಪಿಯುಸಿಯಲ್ಲಿ ಶೇ. 60 ಅಂಕ ಬೇಕು. ಸಿಇಟಿ ರ‍್ಯಾಂಕ್ ಲೆಕ್ಕಕ್ಕಿಲ್ಲ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ತಪ್ಪಿದರೆ ಮುಂದಿನ ವರ್ಷ ಅವಕಾಶವಿಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ.

ಮೂರು ಪ್ರಮಾಣಪತ್ರಗಳನ್ನು ನಿಗದಿತ ನಮೂನೆಯಲ್ಲೇ ಮಾಡಿಸಿ: ಮಾಜಿ ಸೈನಿಕರೆಂಬುದಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯದು, ವ್ಯಾಸಂಗಕ್ಕೆ ಕಾಲೇಜಿನದು, ಆಧಾರ್ ಜೋಡಣೆಗೆ ಬ್ಯಾಂಕಿನದು. ಕಾಲೇಜುಗಳು ತಮ್ಮದೇ ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ನೋಡುತ್ತವೆ, ಒಪ್ಪಬೇಡಿ.

ಹೆಚ್ಚಾಗಿ ಪೇಚಿಗೆ ಸಿಕ್ಕುವುದು ಹೆಸರಿನಲ್ಲಿ. ಸೈನಿಕರಿಗೆ ನಿವೃತ್ತಿಯಾಗುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕದಲ್ಲಿ ‘ಕಾವ್ಯ’, ಅಂಕಪಟ್ಟಿಯಲ್ಲಿ ‘ಕಾವ್ಯ ಎಂ.ಎಸ್.’ ಎಂದಿದ್ದರೂ ಪರಿಶೀಲನೆಯಲ್ಲಿ ತಕರಾರು ಬರಬಹುದು. ಪುಸ್ತಕದಲ್ಲಿ ಮಗಳ ಹೆಸರೇ ಇಲ್ಲದಿದ್ದರೆ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ಸೇರಿಸಲು ಸಮಯ ಹಿಡಿಯುತ್ತದೆ. ಪಿಯುಸಿ ಫಲಿತಾಂಶ ಬರುವ ಮೊದಲೇ ಆ ಕೆಲಸ ಶುರುಮಾಡಿ.

ಆಯ್ಕೆಯಾದ ಮೇಲೂ ಪ್ರತಿ ವರ್ಷ ನವೀಕರಣವಿದೆ. ಅದಕ್ಕೆ ಶೇ. 50 ಅಂಕ ಸಾಕು.